ಯಂತ್ರ ಕೊಟ್ಟೆವು, ನಡೆಸುವವರನ್ನು ಉಳಿಸಿಕೊಂಡೆವೇ?

ಆಸ್ಪತ್ರೆಗಳಿಗೆ ದಾನ ನೀಡುವುದರಲ್ಲಿ ನಮ್ಮ ವರ್ತಕ ಬಂಧುಗಳು ಎಂದೂ ಹಿಂದೆ ಬಿದ್ದವರಲ್ಲ. ಮಂಚ, ಫ್ಯಾನು, ಶುದ್ಧ ನೀರಿನ ಯಂತ್ರಗಳ ಮೇಲೆ ದಾನಿಗಳ ಹೆಸರುಗಳನ್ನು ಎಲ್ಲೆಡೆ ಕಾಣುತ್ತೇವೆ. ಆದರೆ ಆ ಮಂಚದ ಬಳಿ ರಾತ್ರಿ ನಿಲ್ಲುವ ದಾದಿಯು ವರ್ಷ ತುಂಬುವುದರೊಳಗೆ ಊರು ಬಿಡುವುದೇಕೆ ಎಂದು ನಾವು ವಿಚಾರಿಸಿದ್ದು ಕಡಿಮೆ.

ಇದು ವ್ಯಾಪಾರಕ್ಕೆ ಸಂಬಂಧಿಸಿದ ವಿಷಯವೂ ಹೌದು. ಹಿರಿಯೂರಿನ ಹೆದ್ದಾರಿಯಲ್ಲಿ ಅಪಘಾತಕ್ಕೀಡಾದ ಲಾರಿ ಚಾಲಕನಿಗೆ ಮೊದಲ ಚಿಕಿತ್ಸೆ ಅಲ್ಲಿಯೇ ದೊರೆಯಬೇಕು. ಹೊಸದುರ್ಗ, ಹೊಳಲ್ಕೆರೆಯ ಕಾರ್ಮಿಕನು ಸಣ್ಣ ಕಾಯಿಲೆಗೂ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋದರೆ ಅವನಿಗೆ ದಿನದ ಕೂಲಿ ನಷ್ಟ, ನಮಗೆ ಕೆಲಸ ನಷ್ಟ.

2023-24ನೇ ಸಾಲಿನಲ್ಲಿ ಚಿತ್ರದುರ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದುದು ಸಂತೋಷದ ಸಂಗತಿ. ಆದರೆ ಓದಿದವರೆಲ್ಲರೂ ಇಲ್ಲಿಯೇ ನಿಲ್ಲುವರೆಂಬ ಭರವಸೆಯಿಲ್ಲ. ಗ್ರಾಮೀಣ ಪ್ರದೇಶಗಳಲ್ಲಿ ಆರೋಗ್ಯ ಸಿಬ್ಬಂದಿಯನ್ನು ಉಳಿಸಿಕೊಳ್ಳುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಶಿಫಾರಸು ನೀಡಿ, 2021ರಲ್ಲಿ ಅದನ್ನು ಪರಿಷ್ಕರಿಸಿತು. ಸಂಬಳದ ಜೊತೆಗೆ ವಾಸಯೋಗ್ಯ ಮನೆ, ಸುರಕ್ಷಿತ ಕೆಲಸದ ಸ್ಥಳ ಮತ್ತು ವೃತ್ತಿಯಲ್ಲಿ ಮುಂದುವರಿಯುವ ಅವಕಾಶ ಬೇಕೆಂಬುದು ಅದರ ಸಾರ. ನೌಕರಿಯ ಭದ್ರತೆಯೂ ಅಷ್ಟೇ ಮುಖ್ಯ. 2023ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಸೇವೆ ಕಾಯಂಗೊಳಿಸುವಂತೆ ರಾಜ್ಯದಾದ್ಯಂತ ಮುಷ್ಕರ ಹೂಡಿದ್ದನ್ನು ಮರೆಯಲಾಗದು.

ಸರ್ಕಾರವನ್ನಷ್ಟೇ ದೂರಿದರೆ ಸಾಲದು. ಖಾಸಗಿ ನರ್ಸಿಂಗ್ ಹೋಂಗಳಲ್ಲಿ ನಮ್ಮವರೂ ಪಾಲುದಾರರಿದ್ದಾರೆ. ನೇಮಕಾತಿ ಪತ್ರ, ವಾರದ ರಜೆ, ನಿಗದಿತ ಪಾಳಿ ಇವುಗಳನ್ನು ಕೊಡುತ್ತಿದ್ದೇವೆಯೇ? ಹತ್ತು ಮಂದಿ ದುಡಿಯುವ ಕಡೆ ಇ.ಎಸ್.ಐ. ಅನ್ವಯಿಸುತ್ತದೆ. ಮಾಲೀಕರ ವಂತಿಗೆ ಶೇ. 3.25, ಹನ್ನೆರಡು ಸಾವಿರ ರೂಪಾಯಿ ವೇತನಕ್ಕೆ ತಿಂಗಳಿಗೆ 390 ರೂಪಾಯಿ. ತರಬೇತಾದ ದಾದಿ ಬಿಟ್ಟುಹೋದ ಮೇಲೆ ಹೊಸಬರನ್ನು ಹುಡುಕಿ ಪಳಗಿಸುವ ವೆಚ್ಚ ಇದಕ್ಕಿಂತ ಎಷ್ಟೋ ಹೆಚ್ಚೆಂಬುದನ್ನು ಲೆಕ್ಕ ಬಲ್ಲ ನಮಗೆ ಹೇಳಬೇಕಾಗಿಲ್ಲ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಬರುವ ಹೆಣ್ಣುಮಗಳಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುವವರು ನಮ್ಮಲ್ಲಿಯೇ ಇದ್ದಾರೆ. ರೋಗಿಯ ಸ್ಥಿತಿ ಬಿಗಡಾಯಿಸಿದೊಡನೆ ಸಿಬ್ಬಂದಿಯ ಮೇಲೆ ಕೂಗಾಡುವವರೂ ನಾವೇ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ರಾಜ್ಯದಲ್ಲಿ 2009ರಲ್ಲಿಯೇ ಕಾಯಿದೆ ಬಂದಿದೆ. ಆದರೆ ಊರಿನ ಸೌಜನ್ಯವಿಲ್ಲದೆ ಕಾಯಿದೆಯೊಂದೇ ಯಾರನ್ನೂ ಉಳಿಸಿಕೊಳ್ಳಲಾರದು.

ಆದುದರಿಂದ ನಮ್ಮ ಸಂಸ್ಥೆಯು ತಾಲ್ಲೂಕು ವರ್ತಕರ ಸಂಘಗಳೊಡನೆ ಸೇರಿ, ಆಸ್ಪತ್ರೆ ಸಿಬ್ಬಂದಿಗೆ ಬಾಡಿಗೆಗೆ ದೊರೆಯುವ ಮನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಲಿ. ಮುಂದಿನ ಬಾರಿ ದಾನ ನೀಡುವವರು ಮಂಚದ ಬದಲು ರಾತ್ರಿ ಪಾಳಿಯವರಿಗೆ ಬಾಗಿಲು ಭದ್ರವಾದ ವಿಶ್ರಾಂತಿ ಕೊಠಡಿ ಮತ್ತು ಶೌಚಾಲಯವನ್ನು ಕಟ್ಟಿಸಿಕೊಡಲಿ. ಹೆಸರಿನ ಫಲಕವನ್ನು ಅದರ ಮೇಲೂ ಹಾಕಿಸಬಹುದು.