ಹೇನಿನ ಲೆಕ್ಕ, ನದಿಯ ಬದುಕು

2024ರ ಬೇಸಿಗೆಯಲ್ಲಿ ನಾರ್ವೆ 33 ನದಿಗಳಲ್ಲಿ ಸಾಲ್ಮನ್ ಹಿಡಿಯುವುದನ್ನೇ ನಿಲ್ಲಿಸಿತು. ಕಡಲಿನಿಂದ ನದಿಗೆ ಮರಳುವ ಕಾಡು ಸಾಲ್ಮನ್‌ಗಳ ಸಂಖ್ಯೆ ಅಷ್ಟರಮಟ್ಟಿಗೆ ಕುಸಿದಿತ್ತು. ಈ ಕುಸಿತಕ್ಕೆ ಕಾರಣಗಳು ಹಲವು. ಸಾಕಣೆಯ ಬಲೆಪಂಜರಗಳಲ್ಲಿ ಹೆಚ್ಚುವ ಸಮುದ್ರ ಹೇನು ಅವುಗಳಲ್ಲಿ ಮುಖ್ಯವಾದುದು. ಮೊದಲ ಬಾರಿ ಕಡಲಿಗಿಳಿಯುವ, ಗೇಣುದ್ದವೂ ಇಲ್ಲದ ಮರಿಯ ಮೈಗಂಟಿ ಅದು ಲೋಳೆ, ಚರ್ಮ, ರಕ್ತ ತಿನ್ನುತ್ತದೆ.

ಸಾಕಿದ ಮೀನೊಂದಕ್ಕೆ ಸರಾಸರಿ 0.5 ಹೆಣ್ಣು ಹೇನು, ಮರಿಗಳ ವಲಸೆಯ ವಸಂತದಲ್ಲಿ 0.2 ಎಂಬ ಮಿತಿಯಿದೆ. 2017ರಿಂದ ಕರಾವಳಿಯ 13 ವಲಯಗಳಿಗೆ ಹಸಿರು, ಹಳದಿ, ಕೆಂಪು ದೀಪದ ನಿಯಮವೂ ಇದೆ: ಹೇನಿನ ಅಪಾಯ ನೋಡಿ ಸಾಕಣೆ ಹೆಚ್ಚಿಸಬಹುದೇ, ಇದ್ದಷ್ಟೇ ಇರಬೇಕೇ, ತಗ್ಗಿಸಬೇಕೇ ಎಂಬುದನ್ನು ದೀಪದ ಬಣ್ಣ ಹೇಳುತ್ತದೆ. ಆದರೆ ಮಿತಿ ಇರುವುದು ಮೀನೊಂದರ ಲೆಕ್ಕದಲ್ಲಿ. ಪಂಜರದ ಮೀನು ಹೆಚ್ಚಿದಷ್ಟೂ ಒಟ್ಟು ಹೇನೂ ಹೆಚ್ಚುತ್ತದೆ. ಔಷಧಿಗೂ ಹೇನು ಜಗ್ಗದಂತಾಗಿದೆ. ಒಟ್ಟು ಹೇನಿಗೇ ಮಿತಿ ಹಾಕಬೇಕು, ಮುಚ್ಚಿದ ತೊಟ್ಟಿಗಳ ಸಾಕಣೆಗೆ ಒತ್ತು ಕೊಡಬೇಕು. ನದಿ ಬರಿದಾದ ಮೇಲೆ ದೀಪ ಯಾವ ಬಣ್ಣದ್ದಾದರೇನು?