ಮಳಿಗೆಯಲ್ಲಿ ಹಂಚುವ ಕೊಡುಗೆ



ಬೆಂಗಳೂರಿನ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಯಂತ್ರಮೇಳ ಮುಗಿದ ವಾರ ನಮ್ಮ ಹೊಸೂರಿನ ಮನೆಗಳಿಗೆ ಭೇಟಿ ಕೊಟ್ಟರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಯಾವುದೋ ಕಂಪನಿಯ ಕೈಚೀಲ, ಮಗನ ಜೇಬಿನಲ್ಲಿ ಇನ್ನಾವುದೋ ಕಂಪನಿಯ ಪೆನ್ನು, ಬೈಕಿನ ಬೀಗದಕೈಗೆ ಮತ್ತೊಂದರ ಕೀ ಚೈನ್. ಮೇಳಕ್ಕೆ ಹೋದವರು ಬರಿಗೈಯಲ್ಲಿ ಬರುವುದುಂಟೇ? ತೆಗೆದುಕೊಳ್ಳುವ ಸಂತೋಷ ಎಲ್ಲರಿಗೂ ಗೊತ್ತು. ಈ ಸಲ ಕೊಡುವವರ ಕಡೆಯಿಂದ ನೋಡೋಣ. ಏಕೆಂದರೆ ಸಾಲ ಮಾಡಿ ಎರಡು ಲೇತು ಇಟ್ಟುಕೊಂಡ ನಮ್ಮವರೇ ಈಗ ಪ್ರದರ್ಶನಗಳಲ್ಲಿ ಮಳಿಗೆ ಹಿಡಿಯುತ್ತಿದ್ದಾರೆ. ಬಾಡಿಗೆ ಕಟ್ಟಿ ಉಳಿದ ಹಣದಲ್ಲಿ ಏನು ಹಂಚಬೇಕೆಂದು ನಮ್ಮನ್ನೂ ಕೇಳುತ್ತಾರೆ. ಗುರುಗಳಿಗೆ ವ್ಯಾಪಾರವೇನು ಗೊತ್ತು ಎನ್ನಬೇಡಿ, ವಾರ್ಷಿಕ ಹಬ್ಬದ ಲಕ್ಕಿ ಡ್ರಾಗೆ ಬಹುಮಾನ ಹೊಂದಿಸಿದವರಿಗೆ ಅಷ್ಟಿಷ್ಟು ತಿಳಿದೇ ಇರುತ್ತದೆ.

ಈ ಪದ್ಧತಿಯ ಹುಟ್ಟಿನ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. 1880ರ ದಶಕದಲ್ಲಿ ಅಮೆರಿಕದ ಓಹಾಯೋ ರಾಜ್ಯದ ಕೊಶಾಕ್ಟನ್ ಊರಿನಲ್ಲಿ ಜಾಸ್ಪರ್ ಮೀಕ್ ಎಂಬ ಪತ್ರಿಕಾ ಮುದ್ರಕನಿದ್ದ. ಶಾಲೆಯ ಮಗುವೊಂದು ಪುಸ್ತಕಗಳನ್ನು ಬೀದಿಯಲ್ಲಿ ಬೀಳಿಸಿದ್ದನ್ನು ಅವನು ಕಂಡನಂತೆ. ಕ್ಯಾಂಟ್‌ವೆಲ್ ಎಂಬ ಪಾದರಕ್ಷೆ ವ್ಯಾಪಾರಿಯನ್ನು ಒಪ್ಪಿಸಿ, ಆತನ ಹೆಸರು ಮುದ್ರಿಸಿದ ಗೋಣಿಬಟ್ಟೆಯ ಚೀಲಗಳನ್ನು ಮಕ್ಕಳಿಗೆ ಹಂಚಿಸಿದ. ಮಗುವಿಗೆ ಚೀಲ, ವ್ಯಾಪಾರಿಗೆ ಪ್ರಚಾರ, ಸುಮ್ಮನಿದ್ದ ಮುದ್ರಣಯಂತ್ರಕ್ಕೆ ಕೆಲಸ. ತಮಿಳುನಾಡಿನಲ್ಲಿ ಬಾಳುವ ನಮಗೆ ಇದರಲ್ಲಿ ಹೊಸತೇನಿದೆ? ಜವಳಿ ಅಂಗಡಿಯ, ಮದುವೆ ಮನೆಯ ಹೆಸರು ಹೊತ್ತ ಹಳದಿ ಬಟ್ಟೆಚೀಲ, ಆ ‘ಮಂಜಪ್ಪೈ’, ಎಷ್ಟು ಕಾಲ ಸಂತೆಗೆ ಹೋಗಿ ಬಂತು! 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರವೇ ಅದನ್ನು ಮರಳಿ ತರುವ ಅಭಿಯಾನ ಆರಂಭಿಸಿತು. ಪ್ಲಾಸ್ಟಿಕ್ ಕೈಚೀಲಕ್ಕೆ ಇಲ್ಲಿ 2019ರ ಜನವರಿ 1ರಿಂದ, ಕರ್ನಾಟಕದಲ್ಲಿ 2016ರಿಂದ ನಿಷೇಧವಿದೆ. ಅಗ್ಗವೆಂದು ಅದನ್ನೇ ಮಾಡಿಸಿದವರ ಹೆಸರು ಮೇಳ ಮುಗಿದ ಸಂಜೆ ಕಸದ ರಾಶಿಯ ಮೇಲಿರುತ್ತದೆ.

ನಮ್ಮ ಧರ್ಮಕೇಂದ್ರದ ಒಬ್ಬರು ಮೊದಲ ಸಲ ಮಳಿಗೆ ಹಾಕಿದಾಗ ಸಾವಿರ ಕೀ ಚೈನ್ ಮಾಡಿಸಿ ಬುಟ್ಟಿಯಲ್ಲಿ ಸುರಿದಿಟ್ಟರು. ಎರಡನೆಯ ದಿನ ಮಧ್ಯಾಹ್ನಕ್ಕೆ ಬುಟ್ಟಿ ಖಾಲಿ. ಒಯ್ದವರು ಹೆಚ್ಚಾಗಿ ಕಾಲೇಜು ಹುಡುಗರು, ಒಬ್ಬೊಬ್ಬರು ಮೂರು ಮೂರು! ಆರ್ಡರ್ ಕೊಡುವಂಥವರು ಬಂದದ್ದು ಮೂರನೆಯ ದಿನ. ಮುಂದಿನ ಸಲ ಅವರು ಮಾಡಿದ್ದೇ ಬೇರೆ. ಉಳಿದ ಹಿತ್ತಾಳೆ ತುಂಡುಗಳಿಂದ ತಮ್ಮದೇ ಲೇತಿನಲ್ಲಿ ಹೆಬ್ಬೆರಳಿನಷ್ಟು ಬುಗುರಿಗಳನ್ನು ಮಾಡಿದರು, ಬರೀ ಇನ್ನೂರು. ಮೇಜಿನ ಮೇಲೆ ಒಂದು, ಉಳಿದವು ಡ್ರಾಯರಿನಲ್ಲಿ. ಬಂದವರು ಬೆರಳಿನಿಂದ ತಿರುಗಿಸಿ, ಎಷ್ಟು ಹೊತ್ತು ತಿರುಗುತ್ತದೆಂದು ನೋಡುತ್ತ ನಿಂತರು. ನಿಂತವರು ಮಾತಾಡಿದರು. ಬುಗುರಿಯ ನಡು ಕೂದಲೆಳೆಯಷ್ಟು ತಪ್ಪಿದರೂ ಅದು ಅಲ್ಲಾಡುತ್ತದೆ, ಕೆಲಸ ಬಲ್ಲವರಿಗೆ ಬೇರೆ ಪರಿಚಯಪತ್ರ ಬೇಕಿಲ್ಲ. ಏನು ಕೆಲಸ ಬೇಕು, ಎಷ್ಟು ಬೇಕು ಎಂದು ಕೇಳಿ, ಹೆಸರು ಬರೆದುಕೊಂಡ ಮೇಲೆ ಡ್ರಾಯರಿನಿಂದ ಒಂದನ್ನು ತೆಗೆದುಕೊಟ್ಟರು.

ಎಲ್ಲರಿಗೂ ಬುಗುರಿ ಮಾಡಲಾಗದು, ನಿಜ. 6 ಮಿ.ಮೀ. ಟ್ಯಾಪಿಗೆ 5 ಮಿ.ಮೀ. ಡ್ರಿಲ್, 8ಕ್ಕೆ 6.8, 10ಕ್ಕೆ 8.5 ಎಂದು ಸಾಮಾನ್ಯ ಅಳತೆಗಳನ್ನು ಅಚ್ಚು ಹಾಕಿಸಿದ ಒಂದು ಕಾರ್ಡು ಸಾಕು. ಅದನ್ನು ಯಂತ್ರದ ಪಕ್ಕದ ಗೋಡೆಗೆ ಅಂಟಿಸುತ್ತಾರೆ, ವರ್ಷಗಟ್ಟಲೆ ಕೀಳುವುದಿಲ್ಲ. ಅಂದ ಹಾಗೆ, ಪುಕ್ಕಟೆ ಹಂಚುವ ಕೊಡುಗೆಯ ಖರೀದಿಗೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಲೆಕ್ಕ ಹಾಕುವಾಗ ಅದನ್ನೂ ಖರ್ಚಿಗೇ ಸೇರಿಸಿ.

ಇನ್ನೊಂದು ಮಾತನ್ನು ಹೇಳದೆ ಬಿಡಲಾಗದು. ವೈದ್ಯರ ಸಮ್ಮೇಳನಗಳಲ್ಲಿಯೂ ಔಷಧ ಕಂಪನಿಗಳ ಮಳಿಗೆಗಳಿರುತ್ತವೆ. ಕಂಪನಿಗಳಿಂದ ಉಡುಗೊರೆ ಪಡೆಯಬಾರದೆಂದು ಭಾರತೀಯ ವೈದ್ಯಕೀಯ ಮಂಡಳಿ 2009ರ ಡಿಸೆಂಬರಿನಲ್ಲಿ ವೈದ್ಯರಿಗೆ ಕಟ್ಟಳೆ ಮಾಡಿತು. ಆ ಕೊಡುಗೆಯ ಖರ್ಚು ಕೊನೆಗೆ ಔಷಧದ ಬೆಲೆಗೇ ಸೇರುತ್ತದೆ ಎಂದ ಸುಪ್ರೀಂ ಕೋರ್ಟು, 2022ರ ಫೆಬ್ರವರಿಯಲ್ಲಿ ಅದಕ್ಕೆ ಆದಾಯ ತೆರಿಗೆಯಲ್ಲಿ ಕಡಿತ ನಿರಾಕರಿಸಿತು. 2024ರ ಮಾರ್ಚಿನ ಸಂಹಿತೆಯು ಪುಸ್ತಕ, ಕ್ಯಾಲೆಂಡರು, ಡೈರಿಯಂಥ ಜ್ಞಾಪಕ ವಸ್ತುಗಳಿಗೆ ಮಾತ್ರ ಅವಕಾಶವಿತ್ತು, ಒಂದೊಂದಕ್ಕೆ ಸಾವಿರ ರೂಪಾಯಿಯ ಮಿತಿ ಹಾಕಿತು. ಚೀಟಿ ಬರೆಯುವವರು ಒಬ್ಬರು, ಹಣ ತೆರುವವರು ಇನ್ನೊಬ್ಬರು. ತೊಡಕಿರುವುದು ಅಲ್ಲಿ.

ಕಾರ್ಖಾನೆಯ ಖರೀದಿ ವಿಭಾಗದಲ್ಲಿಯೂ ಇದೇ ತೊಡಕು. ಎಲ್ಲರೆದುರು ಕೊಟ್ಟ ಪೆನ್ನಿನ ಬಗ್ಗೆ ನಮಗೆ ಚಿಂತೆಯಿಲ್ಲ. ಮಳಿಗೆಯ ಹಿಂದಿನ ಕೋಣೆಗೆ ಕರೆದು, "ಸಾರ್, ಇದು ನಿಮಗೆ ಮಾತ್ರ" ಎಂದು ಕೈಗಿಡುವ ಕೈಗಡಿಯಾರದ ಮೇಲೆ ಕಂಪನಿಯ ಹೆಸರು ಇರುವುದಿಲ್ಲ, ಗಮನಿಸಿದ್ದೀರಾ? ಖರೀದಿ ನೋಡಿಕೊಳ್ಳುವ ನಮ್ಮ ಯುವಕನೊಬ್ಬ ಅಂಥದ್ದು ಬಂದಾಗ ಕಷ್ಟಕ್ಕೆ ಸಿಕ್ಕಿ, "ಬೇಡವೆಂದರೆ ಅವರಿಗೆ ಅವಮಾನ, ತೆಗೆದುಕೊಂಡರೆ ನನಗೆ ಕಟ್ಟು, ಏನು ಮಾಡಲಿ ಫಾದರ್?" ಎಂದು ಕೇಳಿದ. ದಾರಿಯನ್ನು ಅವನೇ ಕಂಡುಕೊಂಡ. ಮೇಳಗಳಲ್ಲಿ ಸಿಕ್ಕಿದ್ದನ್ನೆಲ್ಲ, ಕೊಟ್ಟವರಿಗೆ ತಿಳಿಸಿಯೇ, ಆಫೀಸಿನ ಬೀರುವಿನಲ್ಲಿ ಇಟ್ಟು ಪಟ್ಟಿ ಬರೆಯುತ್ತಾನೆ. ಆಯುಧಪೂಜೆಯ ದಿನ ಎಲ್ಲರ ಹೆಸರೂ ಬರೆದು ಚೀಟಿ ಎತ್ತುತ್ತಾರೆ. ಕಳೆದ ಬಾರಿ ಕೈಗಡಿಯಾರ ಹೋದದ್ದು ಗೇಟಿನ ಕಾವಲುಗಾರನಿಗೆ.