ಬಣ್ಣ ಮಾಡಿ ನೋಡು

ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ಬರೆದ ವಾಸ್ತುಗ್ರಂಥದ ಏಳನೆಯ ಭಾಗದಲ್ಲಿ ನೀಲಿ ಬಣ್ಣ ತಯಾರಿಸುವ ವಿಧಾನವಿದೆ. ಮರಳನ್ನು ಸೋಡಾ ಉಪ್ಪಿನ ಜೊತೆ ಹಿಟ್ಟಿನಷ್ಟು ನುಣ್ಣಗೆ ಅರೆಯಬೇಕು. ತಾಮ್ರವನ್ನು ಒರಟು ಅರದಿಂದ ಉಜ್ಜಿ ಅದರ ಮೇಲೆ ಉದುರಿಸಬೇಕು. ತೇವ ಮಾಡಿ, ಕೈಯಲ್ಲಿ ಉಂಡೆ ಕಟ್ಟಿ, ಒಣಗಿಸಿ, ಮಣ್ಣಿನ ಪಾತ್ರೆಗೆ ತುಂಬಿ ಕುಲುಮೆಗೆ ಇಡಬೇಕು. ಅಲೆಕ್ಸಾಂಡ್ರಿಯಾದಿಂದ ಬಂದ ಈ ವಿದ್ಯೆಯಿಂದ ಇಟಲಿಯ ಪುಟಿಯೋಲಿಯಲ್ಲಿ ಉದ್ಯಮವೇ ನಡೆಯುತ್ತಿತ್ತು ಎಂದೂ ಅವನು ಹೇಳುತ್ತಾನೆ. ಇಷ್ಟು ವಿವರ ಕೊಟ್ಟವನು ಒಂದು ಮುಖ್ಯ ವಸ್ತುವನ್ನೇ ಬಿಟ್ಟಿದ್ದಾನೆ, ಅದು ಸುಣ್ಣ. ಇವತ್ತು ‘ಈಜಿಪ್ಟಿನ ನೀಲಿ’ ಎಂದು ಕರೆಯುವ ಆ ಬಣ್ಣ ಕ್ಯಾಲ್ಸಿಯಂ ಮತ್ತು ತಾಮ್ರದ ಸಿಲಿಕೇಟ್. ಕ್ಯಾಲ್ಸಿಯಂ ಇಲ್ಲದಿದ್ದರೆ ಆ ಹರಳು ಕಟ್ಟುವುದೇ ಇಲ್ಲ. ವಿಟ್ರೂವಿಯಸ್ ಗುಟ್ಟು ಮುಚ್ಚಿಟ್ಟ ಎನ್ನಲು ಕಾರಣ ಕಾಣದು. ಕಡಲ ದಂಡೆಯ ಮರಳಿನಲ್ಲಿ ಚಿಪ್ಪಿನ ಚೂರುಗಳು ಬೆರೆತಿರುತ್ತವೆ. ಕುಲುಮೆಯವನಿಗೂ ಗೊತ್ತಾಗದಂತೆ ಸುಣ್ಣ ಅದರೊಳಗೆ ಸೇರಿರಬೇಕು. ಹಳೆಯ ಬಣ್ಣಗಳನ್ನು ಪ್ರಯೋಗಾಲಯದಲ್ಲಿ ಮತ್ತೆ ತಯಾರಿಸುವುದನ್ನು ವಿಜ್ಞಾನಿಗಳ ಹವ್ಯಾಸ ಎಂದು ತಳ್ಳಿಹಾಕುವವರು ಈ ಒಂದು ಲೋಪವನ್ನು ಗಮನಿಸಬೇಕು. ಗ್ರಂಥವನ್ನು ಎಷ್ಟು ಸಲ ಓದಿದರೂ ಸಿಗದ ಈ ಲೋಪ, ಅದರಂತೆ ಮಾಡಹೊರಟ ಕೂಡಲೇ ಎದುರಿಗೆ ಬರುತ್ತದೆ.

ಹಾಗೆಂದು ಒಮ್ಮೆ ಮಾಡಿ, ಬಣ್ಣ ನೀಲಿಯಾಯಿತೆಂದು ಕೈತೊಳೆದುಕೊಂಡರೂ ಸಾಲದು. ಗಣಿ ಕಾರ್ಮಿಕರ ಸುರಕ್ಷಾ ದೀಪದಿಂದ ಹೆಸರಾದ ಹಂಫ್ರಿ ಡೇವಿ ರೋಮ್ ಮತ್ತು ಪಾಂಪೇಯಿಯ ಹಳೆಯ ಬಣ್ಣಗಳನ್ನು ಪರೀಕ್ಷಿಸಿ 1815ರಲ್ಲಿ ಪ್ರಬಂಧ ಪ್ರಕಟಿಸಿದ. ಹದಿನೈದು ಪಾಲು ಸೋಡಾ, ಇಪ್ಪತ್ತು ಪಾಲು ಚಕಮಕಿ ಕಲ್ಲಿನ ಪುಡಿ, ಮೂರು ಪಾಲು ತಾಮ್ರದ ಅರಪುಡಿ ಸೇರಿಸಿ ಎರಡು ಗಂಟೆ ಕಾಯಿಸಿದರೆ ಪ್ರಾಚೀನರ ನೀಲಿಯೇ ಬರುತ್ತದೆ ಎಂದ. ಅವನ ಪಟ್ಟಿಯಲ್ಲೂ ಸುಣ್ಣವಿಲ್ಲ! ತಾಮ್ರ ಬೆರೆತ ಗಾಜು ಕೂಡ ನೀಲಿಯೇ. ಕಣ್ಣಿಗೆ ಒಪ್ಪಿದ ಮಾತ್ರಕ್ಕೆ ಒಳಗಿನ ಹರಳು ಒಂದೇ ಎನ್ನಲಾಗದು. 1889ರಲ್ಲಿ ಫ್ರಾನ್ಸಿನ ಭೂವಿಜ್ಞಾನಿ ಫೂಕೆ ಹರಳಿನ ಸಂಯೋಜನೆಯನ್ನು ನಿಖರವಾಗಿ ಗುರುತಿಸಿದ ಮೇಲೆ, 1914ರಲ್ಲಿ ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಲಾರಿ ಮತ್ತು ಜೊತೆಗಾರರು ಅದು ಯಾವ ಕಾವಿನಲ್ಲಿ ಹುಟ್ಟುತ್ತದೆ, ಎಷ್ಟು ಕಾವು ಮೀರಿದರೆ ಕೆಡುತ್ತದೆ ಎಂದು ಸುಟ್ಟು ನೋಡಿದರು. ವಿಷಯ ಅಲ್ಲಿಗೂ ಮುಗಿಯಲಿಲ್ಲ. 2025ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡವೊಂದು ಹನ್ನೆರಡು ಬೇರೆ ಬೇರೆ ಪಾಕಗಳಲ್ಲಿ ಈ ನೀಲಿಯನ್ನು ತಯಾರಿಸಿತು. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಂದರಿಂದ ಹನ್ನೊಂದು ಗಂಟೆ ಇಟ್ಟು, ಕೆಲವನ್ನು ಬೇಗ, ಕೆಲವನ್ನು ನಿಧಾನ ಆರಿಸಿತು. ನಿಧಾನವಾಗಿ ಆರಿದ್ದು ಹೆಚ್ಚು ಗಾಢ ನೀಲಿಯಾಯಿತು. ಅದಕ್ಕಿಂತ ಅಚ್ಚರಿಯೆಂದರೆ, ಪುಡಿಯಲ್ಲಿ ನೀಲಿ ಹರಳು ಸುಮಾರು ಅರ್ಧದಷ್ಟಿದ್ದರೂ ಅತ್ಯಂತ ನೀಲಿಯಾಗಿ ಕಾಣಲು ಸಾಕು, ಉಳಿದರ್ಧ ಏನೇ ಇರಲಿ. ಅಂದರೆ ಗೋರಿಯ ಗೋಡೆಯ ಮೇಲೆ ಒಂದೇ ನೀಲಿಯಂತೆ ಕಾಣುವ ಎರಡು ಪಟ್ಟಿಗಳು ಬೇರೆ ಬೇರೆ ಕುಲುಮೆಯಿಂದ, ಬೇರೆ ಬೇರೆ ಕೈಯಿಂದ ಬಂದಿರಬಹುದು. ಈಜಿಪ್ಟಿನ ಕುಶಲಕರ್ಮಿಗಳನ್ನು ಒಂದೇ ಅಚ್ಚಿನ ಜನ ಎಂಬಂತೆ ವರ್ಣಿಸುವ ಪುಸ್ತಕಗಳಿಗೆ ಇದು ಒಳ್ಳೆಯ ತಿದ್ದುಪಡಿ.

ಇದರಿಂದ ಕಲೆಗೇನು ಲಾಭ ಎಂದು ಕೇಳುವವರಿಗೆ ಅಥೆನ್ಸಿನ ಪಾರ್ಥೆನಾನ್ ಶಿಲ್ಪಗಳನ್ನು ತೋರಿಸಬೇಕು. ಗ್ರೀಕರ ಶಿಲ್ಪವೆಂದರೆ ಬಿಳಿ ಅಮೃತಶಿಲೆ ಎಂಬ ನಂಬಿಕೆ ಯುರೋಪಿನ ರುಚಿಯಲ್ಲಿ ಎಷ್ಟು ಬೇರೂರಿತ್ತೆಂದರೆ, ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಆ ಶಿಲ್ಪಗಳನ್ನು 1937-38ರಲ್ಲಿ ತಾಮ್ರದ ಉಳಿ ಮತ್ತು ಒರಟು ಪುಡಿಗಳಿಂದ ಉಜ್ಜಿ ಬೆಳ್ಳಗೆ ಮಾಡಲಾಯಿತು. ಹಾಗೆ ಉಜ್ಜಿದಾಗ ಏನೇನು ಹೋಯಿತೋ ಲೆಕ್ಕವಿಲ್ಲ. ಈಜಿಪ್ಟಿನ ನೀಲಿಗೆ ವಿಚಿತ್ರ ಗುಣವೊಂದಿದೆ: ಸಾಮಾನ್ಯ ಬೆಳಕು ಬಿದ್ದರೆ ಅದು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು, ಸುಮಾರು 910 ನ್ಯಾನೋಮೀಟರ್ ತರಂಗಾಂತರದಲ್ಲಿ, ಹೊರಸೂಸುತ್ತದೆ. ಅವಗೆಂಪನ್ನು ಹಿಡಿಯುವ ಕ್ಯಾಮೆರಾದಲ್ಲಿ ಕಲ್ಲು ಕಪ್ಪಾಗಿ, ನೀಲಿಯ ಕಣಗಳು ಬೆಳ್ಳಗೆ ಕಾಣುತ್ತವೆ. ಇದೇ ಉಪಾಯದಿಂದ ಸಂಶೋಧಕ ಜೊವಾನ್ನಿ ವೆರಿ 2009ರಲ್ಲಿ ಅದೇ ಶಿಲ್ಪಗಳಲ್ಲಿ ಐರಿಸ್ ದೇವತೆಯ ಸೊಂಟಪಟ್ಟಿಯ ಮೇಲೆ ನೀಲಿಯ ಗುರುತು ಪತ್ತೆಹಚ್ಚಿದರು. ಬರಿಗಣ್ಣಿಗೆ ಅಲ್ಲಿ ಬರೀ ಕಲ್ಲು. ಆ ಹೊಳಪನ್ನು ನೋಡಿ ಇದು ಇಂಥದೇ ಬಣ್ಣ ಎಂದು ಧೈರ್ಯವಾಗಿ ಹೇಳಬೇಕಾದರೆ, ಏನು ಹಾಕಿದರೆ ಏನು ಬರುತ್ತದೆ ಎಂದು ಗೊತ್ತಿರುವ ಮಾದರಿಯೊಂದು ಪಕ್ಕದಲ್ಲಿರಬೇಕು. ಪ್ರಯೋಗಾಲಯದಲ್ಲಿ ತಯಾರಾಗುವುದು ಮುಖ್ಯವಾಗಿ ಆ ಹೋಲಿಕೆಯ ಮಾದರಿ.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಬಣ್ಣವನ್ನು ಮರುಸೃಷ್ಟಿಸಬಹುದು, ಕಾಲವನ್ನು ಮರುಸೃಷ್ಟಿಸಲಾಗದು. ಶುದ್ಧ ರಾಸಾಯನಿಕಗಳಿಂದ ಮಾಡಿದ ಪುಡಿಯನ್ನು ದೀಪದಡಿ ಕೆಲವು ದಿನ ಇಟ್ಟು ನೂರು ವರ್ಷದ ಕತೆ ಹೇಳುವುದು ಹೇಗೆ? ವ್ಯಾನ್ ಗೋ ಬಳಸಿದ ಕ್ರೋಮ್ ಹಳದಿಯ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಅವನ ಕೆಲವು ಚಿತ್ರಗಳ ಹೊಳೆಯುವ ಹಳದಿ ಕಂದು ಬಣ್ಣಕ್ಕೆ ತಿರುಗುತ್ತಿರುವುದು ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ರಸಾಯನವಿಜ್ಞಾನಿಗಳಾದ ಲೆಟಿಝಿಯಾ ಮೊನಿಕೊ, ಕುನ್ ಯಾನ್ಸೆನ್ಸ್ ಮತ್ತಿತರರು ಹಳೆಯ ಬಣ್ಣದ ಟ್ಯೂಬುಗಳಿಂದ ಹಳದಿ ತೆಗೆದು 500 ಗಂಟೆ ಅತಿನೇರಳೆ ದೀಪಕ್ಕೆ ಒಡ್ಡಿದಾಗ ಒಂದು ಟ್ಯೂಬಿನ ಬಣ್ಣ ಚಾಕೊಲೇಟಿನಂತಾಯಿತು. ಗ್ರೆನೋಬಲ್‌ನ ಸಿಂಕ್ರೊಟ್ರಾನ್‌ನ ಸೂಜಿಮೊನೆಯಂಥ ಎಕ್ಸ್-ಕಿರಣದಲ್ಲಿ ನೋಡಿದರೆ, ಕ್ರೋಮಿಯಂ ಆರನೆಯ ಉತ್ಕರ್ಷಣ ಸ್ಥಿತಿಯಿಂದ ಮೂರನೆಯದಕ್ಕೆ ಇಳಿದಿತ್ತು. 2011ರಲ್ಲಿ ಇದು ಪ್ರಕಟವಾಯಿತು. ಆದರೆ ಉಳಿದ ಟ್ಯೂಬುಗಳೇಕೆ ಹಾಗಾಗಲಿಲ್ಲ? ಇಲ್ಲಿಯೇ ಮರುಸೃಷ್ಟಿ ಬೇಕಾದದ್ದು. ಸೀಸದ ಕ್ರೋಮೇಟಿಗೆ ಬೇರೆ ಬೇರೆ ಪ್ರಮಾಣದಲ್ಲಿ ಸಲ್ಫೇಟ್ ಬೆರೆಸಿ ಸರಣಿಯಾಗಿ ಹಳದಿಗಳನ್ನು ತಯಾರಿಸಿ ಬೆಳಕಿಗಿಟ್ಟರು; ಗಂಧಕದ ಅಂಶ ಹೆಚ್ಚಿದ್ದ, ನಿಂಬೆಹಣ್ಣಿನ ಬಣ್ಣದ ತಿಳಿ ಹಳದಿಗಳೇ ಬೇಗ ಕಪ್ಪಾದವು. ದೀಪದ 500 ಗಂಟೆ ಕಾಲದ ಅಳತೆಗೋಲಲ್ಲ ಎಂಬುದು ನಿಜ. ಯಾವ ಹಳದಿ ಮೊದಲು ಕೆಡುತ್ತದೆ, ಯಾವುದು ತಡೆಯುತ್ತದೆ ಎಂಬ ಅನುಕ್ರಮ ಮಾತ್ರ ಅದರಿಂದ ಸಿಗುತ್ತದೆ. ಆ ಅನುಕ್ರಮವನ್ನು ಮೂಲ ಚಿತ್ರದ ಧೂಳಿನಷ್ಟು ಸಣ್ಣ ಕಣದೊಂದಿಗೆ ತಾಳೆ ನೋಡಬಹುದು. ಹಾಗೆ ನೋಡಿದ್ದಾರೆ ಕೂಡ. ಯಾವ ಚಿತ್ರವನ್ನು ಎಷ್ಟು ಬೆಳಕಿನಲ್ಲಿ ತೂಗುಹಾಕಬೇಕೆಂದು ಮ್ಯೂಸಿಯಂ ನಿರ್ಧರಿಸಲು ಅಷ್ಟು ಸಾಕು.

ಚಿತ್ರ ನೋಡಿ ಸಂತೋಷಪಡಲು ಸಲ್ಫೇಟಿನ ಲೆಕ್ಕ ಯಾಕೆ ಎನ್ನುವ ರಸಿಕರ ಗೊಣಗಾಟಕ್ಕೆ ಹೆಚ್ಚು ಮಾತು ಬೇಡ. ವ್ಯಾನ್ ಗೋ ತನ್ನ ‘ಮಲಗುವ ಕೋಣೆ’ಯ ಗೋಡೆ ತಿಳಿ ನೇರಳೆ ಎಂದು ಕಾಗದದಲ್ಲಿ ಬರೆದಿದ್ದ, ಅದರ ಕೆಂಪು ಮಾಸಿ ಈಗ ಗೋಡೆ ನೀಲಿ. ಆ ನೀಲಿಯಲ್ಲಿ ಕಲಾವಿದನ ಮನಸ್ಸಿನ ತಳಮಳ ಓದಿದವರು ರಾಸಾಯನಿಕ ಕ್ರಿಯೆಯೊಂದನ್ನು ಓದುತ್ತಿದ್ದರು, ಅಷ್ಟೆ. ಪಾಕ ಬಹಿರಂಗವಾದರೆ ನಕಲು ಮಾಡುವವರಿಗೆ ಹಬ್ಬ ಎಂಬ ಭಯಕ್ಕೆ ತೂಕವಿದೆ, ಆದರೆ ಅನುಭವ ತಿರುಗುಮುರುಗಾಗಿದೆ. ಜರ್ಮನಿಯ ನಕಲುಗಾರ ವೋಲ್ಫ್‌ಗಾಂಗ್ ಬೆಲ್ಟ್ರಾಕಿ ತಾನೇ ಚಿತ್ರಿಸಿ, ಚಿತ್ರಕಾರ ಕ್ಯಾಂಪೆನ್‌ಡಾಂಕ್ 1914ರಲ್ಲಿ ಬಿಡಿಸಿದ್ದೆಂದು ಹೇಳಿಕೊಂಡ ಕೃತಿ 2006ರ ಹರಾಜಿನಲ್ಲಿ 28 ಲಕ್ಷ ಯೂರೋಗಳಿಗೂ ಹೆಚ್ಚಿಗೆ ಹೋಯಿತು. ಆ ಕಾಲದ ಚಿತ್ರಕಾರರ ಕೈಗೆ ಇನ್ನೂ ಬಂದಿರದ ಟೈಟೇನಿಯಂ ಬಿಳಿ ಅದರಲ್ಲಿ ಸಿಕ್ಕಿ ಗುಟ್ಟು ರಟ್ಟಾಯಿತು. 2011ರಲ್ಲಿ ಅವನಿಗೆ ಶಿಕ್ಷೆಯೂ ಆಯಿತು. ತಜ್ಞರ ಕಣ್ಣು ಒಪ್ಪಿದ್ದನ್ನು ಬಣ್ಣದ ಪುಡಿ ಒಪ್ಪಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಗೆರೆ ಹಾಕಲೇಬೇಕು: ಮರಳಿ ತಯಾರಿಸಿದ ಬಣ್ಣ ಮೂಲ ಚಿತ್ರದ ಮೇಲೆ ಬೀಳಬಾರದು. ಪಾಕ ಅಪ್ಪಟವಾಗಿದ್ದಷ್ಟೂ ಈ ಅಪಾಯ ಹೆಚ್ಚು, ಏಕೆಂದರೆ ಮುಂದೆ ಪರೀಕ್ಷಿಸುವವನಿಗೆ ಹಳೆಯದು ಯಾವುದು, ನಿನ್ನೆ ಬಳಿದದ್ದು ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಗೋಡೆಚಿತ್ರಗಳಿಗೆ ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬಣ್ಣ ಹಾಕಿಸಿದ. ಇವತ್ತು ಪೊಳ್ಳಿಲೂರು ಯುದ್ಧದ ಚಿತ್ರದ ಮುಂದೆ ನಿಂತು ಟಿಪ್ಪುವಿನ ಕಾಲದ ಕುಂಚವನ್ನು ಮೆಚ್ಚುವಾಗ, ನಮ್ಮ ಮೆಚ್ಚುಗೆಯ ಎಷ್ಟು ಪಾಲು ಡಾಲ್‌ಹೌಸಿಯ ಚಿತ್ರಕಾರರಿಗೆ ಸಲ್ಲುತ್ತಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಇಂಥ ಗೋಡೆಗಳಿಗೆ ಇನ್ನೊಮ್ಮೆ ಕುಂಚ ತಾಗಿಸುವ ಯೋಚನೆ ಬಂದಾಗಲೆಲ್ಲ, ಗೋಡೆಯ ಬಣ್ಣಗಳನ್ನು ಮೊದಲು ಹಲಗೆಯ ಮೇಲೆ ತಯಾರಿಸಿ, ಬಿಸಿಲು ತೇವಕ್ಕೆ ಒಡ್ಡಿ, ಪಾಕವನ್ನೂ ಫಲಿತಾಂಶವನ್ನೂ ಬರೆದಿಟ್ಟ ಮೇಲೆಯೇ ಅನುಮತಿ ಕೊಡುವ ಪದ್ಧತಿ ಬರಬೇಕು. ಆ ಹಲಗೆಗಳು ಸ್ಮಾರಕದ ಬಳಿಯಲ್ಲೇ, ಯಾರು ಬೇಕಾದರೂ ಕೇಳಿ ನೋಡುವಂತೆ ಇರಲಿ.